ಏನೂ ಇಲ್ಲದ ಊರಿನಲ್ಲಿ ಎರಡು ರಾತ್ರಿ

ಲಾವೋಸ್‌ನಿಂದ ವಾಪಸ್ ಬಂದು ಒಂದು ತಿಂಗಳಾಗಿತ್ತು. ಆಫೀಸಿನಲ್ಲಿ ಒಬ್ಬರು ಕೇಳಿದರು. "ನಾವೂ ಆ ಸ್ಲೋ ಬೋಟ್‌ನಲ್ಲಿ ಹೋಗೋಣ ಅಂತಿದೀವಿ. ಮಧ್ಯೆ ಒಂದು ರಾತ್ರಿ ನಿಲ್ಲಿಸ್ತಾರಂತಲ್ಲ, ಪಾಕ್‌ಬೆಂಗ್, ಅಲ್ಲಿ ನೋಡೋಕೆ ಏನಿದೆ?" ನಾನು ಯೋಚನೆ ಕೂಡ ಮಾಡದೆ "ಏನೂ ಇಲ್ಲ, ಮಲಗಿ ಎದ್ದು ಹೋಗೋ ಊರು ಅಷ್ಟೇ" ಅಂದುಬಿಟ್ಟೆ. ಅವರು ತಲೆಯಾಡಿಸಿ ಲುವಾಂಗ್ ಪ್ರಬಾಂಗ್‌ನ ಹೋಟೆಲುಗಳ ಬಗ್ಗೆ ಕೇಳತೊಡಗಿದರು. ಮಾತು ಅಲ್ಲಿಗೆ ಮುಗಿಯಿತು. ನನ್ನೊಳಗೆ ಮಾತ್ರ ಮುಗಿಯಲಿಲ್ಲ. ಆ ಊರಿನಲ್ಲಿ ನಾನು ಒಂದಲ್ಲ, ಎರಡು ರಾತ್ರಿ ಇದ್ದೆ. ಇಡೀ ಪ್ರವಾಸದಲ್ಲಿ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಅದೊಂದೇ ಊರು. ಅಂಥ ಊರಿನ ಬಗ್ಗೆ ಏನೂ ಇಲ್ಲ ಅಂತ ಹೇಗೆ ಹೇಳಿದೆ? ಅವತ್ತಿನಿಂದ ಇದು ತಲೆ ತಿನ್ನುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಥಾಯ್ಲೆಂಡ್ ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಸುಮಾರು 300 ಕಿಲೋಮೀಟರ್. ಉದ್ದನೆಯ ಮರದ ದೋಣಿ, ಒಳಗೆ ಹಳೇ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು, ಹಿಂದೆ ಗುಡುಗುವ ಎಂಜಿನ್ನು. ಎರಡು ದಿನದ ಪಯಣ. ದಾರಿಯ ಹೆಚ್ಚು ಕಡಿಮೆ ನಟ್ಟನಡುವೆ ಪಾಕ್‌ಬೆಂಗ್ ಇದೆ. ಅಲ್ಲಿ ನಿಲ್ಲಿಸುವುದು ಊರು ಚೆನ್ನಾಗಿದೆ ಅಂತಲ್ಲ. ರಾತ್ರಿ ಈ ನದಿಯಲ್ಲಿ ದೋಣಿ ಬಿಡುವುದು ಅಪಾಯ, ಅದಕ್ಕೆ. ನಾವು ಹೋಗಿದ್ದು 2024ರ ಫೆಬ್ರುವರಿಯಲ್ಲಿ. ನೀರು ಇಳಿದಿತ್ತು, ಎಲ್ಲಿ ನೋಡಿದರೂ ಕಪ್ಪು ಬಂಡೆ. ದೋಣಿ ನಡೆಸುವವರು ಒಂದು ಬಂಡೆಯ ಎಡಕ್ಕೆ, ಇನ್ನೊಂದರ ಬಲಕ್ಕೆ, ಸುಳಿಯ ಅಂಚಿನಲ್ಲಿ ದೋಣಿಯನ್ನು ಹಾಯಿಸುತ್ತಿದ್ದರು. ಹಗಲಿನಲ್ಲೇ ಇಷ್ಟು ಕಷ್ಟ ಇದ್ದರೆ ಕತ್ತಲಲ್ಲಿ ಗತಿಯೇನು? ಹಾಗಾಗಿ ಬೆಳಕು ಮುಗಿಯುವಲ್ಲಿ ಊರು. ಫ್ರೆಂಚರ ಅನ್ವೇಷಣಾ ತಂಡ 1867ರಲ್ಲಿ ಲುವಾಂಗ್ ಪ್ರಬಾಂಗ್‌ನಿಂದ ಮೇಲಕ್ಕೆ ಸಾಗಿದ್ದೂ ಇದೇ ನೀರಿನಲ್ಲಿ. ಅವರಿಗೂ ಎಲ್ಲೋ ಒಂದು ದಡದಲ್ಲಿ ಕತ್ತಲಾಗಿಯೇ ಇರುತ್ತದೆ, ಅಲ್ವಾ?

ಊರಿನ ಹೆಸರೂ ನದಿಯದೇ. ಲಾವೋ ಭಾಷೆಯಲ್ಲಿ ಪಾಕ್ ಅಂದರೆ ಬಾಯಿ. ಬೆಂಗ್ ಅನ್ನುವ ಹೊಳೆ ಬಂದು ಮೆಕಾಂಗ್ ಸೇರುವ ಬಾಯಿ ಪಾಕ್‌ಬೆಂಗ್. ನದಿಗೆ ಅವರು ಮೇ ನಾಮ್ ಅನ್ನುತ್ತಾರೆ. ಮೇ ಅಂದರೆ ತಾಯಿ, ನಾಮ್ ಅಂದರೆ ನೀರು. ತುಂಗೆ ಭದ್ರೆ ಕೂಡುವ ಜಾಗವನ್ನು ಕೂಡ್ಲಿ ಅಂತ ಕರೆದು, ಹೊಳೆಗೆ ತಾಯಿ ಅಂತ ಬಾಗಿನ ಕೊಡುವ ಕಡೆಯಿಂದ ಹೋದ ನನಗೆ ಇದೆಲ್ಲ ಮೊದಲೇ ಗೊತ್ತಿದ್ದ ಊರಿನ ಹಾಗೆ ಕಂಡಿತು.

ಮೊದಲ ರಾತ್ರಿ

ಸಂಜೆ ಐದೂವರೆಗೆ ದೋಣಿ ದಡ ಮುಟ್ಟಿತು. ನೀರು ಕೆಳಗಿದ್ದಿದ್ದರಿಂದ ಮರಳಿನ ದಿಬ್ಬ ಹತ್ತಿ, ಅಲ್ಲಿಂದ ಕಡಿದಾದ ದಾರಿಯಲ್ಲಿ ಮೇಲೆ ಹೋಗಬೇಕು. ದೋಣಿಯಿಂದ ಇಳಿದವರು ನೂರಕ್ಕೂ ಜಾಸ್ತಿ ಜನ. ಎಲ್ಲರ ಬೆನ್ನಿಗೂ ಚೀಲ, ಎಲ್ಲರ ಮುಖದಲ್ಲೂ ಒಂದೇ ಚಿಂತೆ, ರೂಮು. ಮೇಲೆ ಗೆಸ್ಟ್‌ಹೌಸಿನವರು ಫೋಟೊ ಅಂಟಿಸಿದ ರಟ್ಟು ಹಿಡಿದು ನಿಂತಿದ್ದರು. ಇರುವುದು ಒಂದೇ ಮುಖ್ಯ ರಸ್ತೆ, ಏರುತ್ತಾ ಹೋಗುತ್ತದೆ. ಎರಡೂ ಕಡೆ ಗೆಸ್ಟ್‌ಹೌಸು, ಊಟದ ಹೋಟೆಲು, ನೀರಿನ ಬಾಟಲಿ ಮತ್ತು ಬಿಸ್ಕತ್ತಿನ ಅಂಗಡಿ. ಒಂದು ಇಂಡಿಯನ್ ಹೋಟೆಲ್ ಕೂಡ ಇತ್ತು. ಅದರ ಬೋರ್ಡು ನೋಡಿ ನನ್ನ ತಂಗಿ ಅಳುವುದೊಂದು ಬಾಕಿ. ಅವಳಿಗೆ ಮಧ್ಯಾಹ್ನದಿಂದಲೇ ಹೊಟ್ಟೆ ಸರಿ ಇರಲಿಲ್ಲ.

ನಾವು ಹಿಡಿದ ರೂಮು ನದಿಯ ಕಡೆಗಿತ್ತು. ಮನೆ ನಡೆಸುತ್ತಿದ್ದಾಕೆಗೆ ಅರವತ್ತರ ಆಚೀಚೆ ಇರಬಹುದು. ಜೊತೆಗೆ ಅವರ ಮಗಳು, ಅವಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಆ ಅಮ್ಮ ಕೇಳಿದ ಮೊದಲ ಪ್ರಶ್ನೆ ಪಾಸ್‌ಪೋರ್ಟಿನದಲ್ಲ. "ಕಿನ್ ಖಾವ್ ಲೇವ್ ಬೋ?" ಅಂದರು. ಮಗಳು ಅರ್ಥ ಹೇಳುವ ಮೊದಲೇ ಕೈಸನ್ನೆಯಿಂದ ಗೊತ್ತಾಯಿತು. ಅನ್ನ ತಿಂದಾಯ್ತಾ? ನಮ್ಮ 'ಊಟ ಆಯ್ತಾ' ಇದ್ದ ಹಾಗೇ ಇದೆ. ಸಿಕ್ಕವರನ್ನೆಲ್ಲ ಮಾತಾಡಿಸುವುದೇ ಹೀಗೆ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಸಂಜೆ ಅದು ನಮಗೊಬ್ಬರಿಗೇ ಕೇಳಿದ ಪ್ರಶ್ನೆ ಅನ್ನಿಸಿ ಮನಸ್ಸು ತುಂಬಿ ಬಂತು.

ಬಿದಿರಿನ ಚಿಕ್ಕ ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನ ಬಂತು. ಅದನ್ನು ಬೆರಳಲ್ಲಿ ಕಿತ್ತು, ಉಂಡೆ ಮಾಡಿ, ಕೆಂಡದಲ್ಲಿ ಸುಟ್ಟ ಟೊಮ್ಯಾಟೊ ಮೆಣಸಿನಕಾಯಿ ಕುಟ್ಟಿ ಮಾಡಿದ ಗೊಜ್ಜಿನಲ್ಲಿ ಅದ್ದಿ ತಿನ್ನುವುದು. ಅದಕ್ಕೆ ಅವರು ಜೇವ್ ಅನ್ನುತ್ತಾರೆ. ಮೀನಿನ ರಸ ಹಾಕಬೇಡಿ ಅಂತ ಮಗಳ ಕೈಲಿ ಹೇಳಿಸಿದ್ದೆ. ಕೈಯಲ್ಲಿ ತಿನ್ನುತ್ತಿದ್ದ ನನ್ನನ್ನು ಆ ಅಮ್ಮ ಸ್ವಲ್ಪ ಹೊತ್ತು ನೋಡಿದರು. ಪಕ್ಕದ ಮೇಜುಗಳಲ್ಲಿ ಎಲ್ಲರ ಕೈಲೂ ಚಮಚವಿತ್ತು. ಬುಟ್ಟಿ ಖಾಲಿಯಾಗುವ ಮೊದಲೇ ಇನ್ನೊಂದು ಬುಟ್ಟಿ ತಂದಿಟ್ಟರು.

ಮೊದಲೆಲ್ಲ ಇಲ್ಲಿ ಜನರೇಟರ್ ಕರೆಂಟು, ರಾತ್ರಿ ಹತ್ತಕ್ಕೆಲ್ಲ ಊರು ಕತ್ತಲು ಅಂತ ಮಗಳು ಹೇಳಿದಳು. ಈಗ ದೀಪ ಇದೆ. ಆದರೂ ಹತ್ತಕ್ಕೆಲ್ಲ ಊರು ಮಲಗುತ್ತದೆ. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ದೋಣಿ, ಅದಕ್ಕೆ ಮೊದಲು ನೂರು ಜನಕ್ಕೆ ತಿಂಡಿ, ದಾರಿಗೆ ಬುತ್ತಿ. ಯಾರಿಗೆ ಪುರುಸೊತ್ತು?

ದೋಣಿ ಹೋದ ಮೇಲಿನ ಊರು

ಬೆಳಿಗ್ಗೆ ತಂಗಿಗೆ ಏಳಲು ಆಗಲಿಲ್ಲ. ಜ್ವರ. ಒಂದು ದಿನ ನಿಂತು ಹೋಗೋಣ ಅಂದುಕೊಂಡೆವು. ಅಮ್ಮನಿಗೆ ಹೇಳಿದಾಗ ಅವರು ನಂಬಲೇ ಇಲ್ಲ. ದೋಣಿ ಹೋಗಿಬಿಡುತ್ತದೆ ಅಂತ ನದಿಯ ಕಡೆಗೆ ಕೈ ತೋರಿಸಿ ತೋರಿಸಿ ಹೇಳಿದರು. ಮಗಳು ವಿವರಿಸಿದ ಮೇಲೆ ಒಳಗೆ ಬಂದು ತಂಗಿಯ ಹಣೆ ಮುಟ್ಟಿ ನೋಡಿ, ಮಾತಾಡದೆ ಹೋಗಿ ಗಂಜಿ ಮಾಡಿ ತಂದರು. ತೆಳ್ಳನೆ ಅನ್ನದ ಗಂಜಿ, ಮೇಲೆ ಚೂರು ಶುಂಠಿ. ನಮ್ಮಮ್ಮ ಮಾಡಿದ್ದರೆ ಶುಂಠಿಯ ಜಾಗದಲ್ಲಿ ಉಪ್ಪಿನಕಾಯಿ ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ತಂಗಿ ಅದನ್ನು ಕುಡಿದು ಸಂಜೆಯವರೆಗೂ ಮಲಗಿದಳು. ನಾನು ಜಗುಲಿಯಲ್ಲಿ ಕೂತೆ.

ಒಂಬತ್ತೂವರೆ ಹೊತ್ತಿಗೆ ದೋಣಿಗಳು ತಿರುವಿನಲ್ಲಿ ಮರೆಯಾದವು. ಹೆಲ್ಮೆಟ್ ಹಾಕಿಕೊಂಡು ಕೂರುವ ಸ್ಪೀಡ್ ಬೋಟ್ ಒಂದು ಕಿವಿ ಹರಿಯುವ ಹಾಗೆ ಸದ್ದು ಮಾಡುತ್ತಾ ಹೋಯಿತು. ಆಮೇಲೆ ಒಂದು ಮೌನ ಬಂತು ನೋಡಿ. ಅಂಥ ಮೌನವನ್ನು ನಾನು ಮದುವೆ ಮುಗಿದ ಮನೆಯಲ್ಲಿ ಮಾತ್ರ ಕಂಡಿದ್ದೆ. ರಸ್ತೆಯಲ್ಲಿ ಒಬ್ಬ ಪ್ರವಾಸಿಯೂ ಇಲ್ಲ. ಗೆಸ್ಟ್‌ಹೌಸಿನ ಹುಡುಗಿಯರು ಬುಟ್ಟಿಗಟ್ಟಲೆ ಹಾಸಿಗೆ ಬಟ್ಟೆ ಹೊತ್ತು ತಂದರು. ಸ್ವಲ್ಪ ಹೊತ್ತಿಗೆ ಊರಿನ ಎಲ್ಲ ಮಾಳಿಗೆ, ಎಲ್ಲ ಕಟಕಟೆ, ಎಲ್ಲ ಹಗ್ಗದ ಮೇಲೂ ಬಿಳಿ ಬೆಡ್‌ಶೀಟುಗಳು. ಕೆಳಗೆ ನದಿಯಿಂದ ಗಾಳಿ ಬಂದಾಗಲೆಲ್ಲ ಇಡೀ ಊರು ಒಟ್ಟಿಗೆ ಹಾರುತ್ತಿದೆಯೇನೋ ಅನ್ನಿಸುತ್ತಿತ್ತು. ಹಿಂದಿನ ರಾತ್ರಿ ಮಲಗಿದ್ದವರು ಎಲ್ಲೆಲ್ಲಿಯವರೋ. ಅವರ ಬೆವರು, ದೋಣಿಯ ಹೊಗೆಯ ವಾಸನೆ, ಎಲ್ಲ ಹತ್ತು ಗಂಟೆಯ ಬಿಸಿಲಿಗೆ ಹೋಯಿತು. ನಾಲ್ಕು ಗಂಟೆಗೆ ಅವೇ ಬಟ್ಟೆಗಳು ಮತ್ತೆ ಹಾಸಿಗೆಯ ಮೇಲೆ.

ಹನ್ನೊಂದರಿಂದ ಮೂರರವರೆಗೆ ಆ ಊರು ಪೂರ್ತಿ ಅದರದೇ. ಅಂಗಡಿಯಾಕೆ ಕೌಂಟರಿನ ಹಿಂದೆಯೇ ಚಾಪೆ ಹಾಸಿ ಮಲಗಿದರು. ಹಿಂದಿನ ಸಂಜೆ ಚೀಲ ಹೊರಲು ಓಡಿ ಬಂದಿದ್ದ ಹುಡುಗ ಶಾಲೆಯ ಬಿಳಿ ಅಂಗಿಯಲ್ಲಿ ಸೈಕಲ್ ತುಳಿಯುತ್ತಾ ಹೋದ. ನನ್ನನ್ನು ನೋಡಿ ಗುರುತು ಹಿಡಿದು, ಆಶ್ಚರ್ಯದಿಂದ ಬ್ರೇಕು ಹಾಕಿದ. ನೀನಿನ್ನೂ ಇಲ್ಲೇ ಇದ್ದೀಯಾ ಅನ್ನುವ ಮುಖ. ನದಿ ಬಿಟ್ಟುಕೊಟ್ಟ ಮರಳಿನ ದಂಡೆಯಲ್ಲಿ ಹೆಂಗಸರು ಶೇಂಗಾ ಪಾತಿಗೆ ನೀರು ಹಾಕುತ್ತಿದ್ದರು. ಮಳೆಗಾಲ ಬಂದರೆ ಆ ತೋಟ ನೀರಿನಡಿ. ನಾಲ್ಕೈದು ತಿಂಗಳ ಜಮೀನು ಅದು. ಬೆಟ್ಟದ ಮೇಲಿನ ಹಳ್ಳಿಗಳಿಂದ ಖಮು ಮತ್ತು ಮೋಂಗ್ ಜನ ಸೊಪ್ಪು, ಬಿದಿರಿನ ಕಳಲೆ, ಕಟ್ಟಿಗೆ ತಂದು ಮಾರಿ ಹೋದರು. ಗುಡ್ಡದ ದೇವಸ್ಥಾನದಲ್ಲಿ ಚಿಕ್ಕ ಭಿಕ್ಷುಗಳು ಅಂಗಳ ಗುಡಿಸುತ್ತಿದ್ದರು. ನೋಡಲು ಏನಿದೆ ಅಂತ ಕೇಳಿದರೆ ಇದರಲ್ಲಿ ಯಾವುದನ್ನು ಬೆರಳಿಟ್ಟು ತೋರಿಸಲಿ? ಯಾವುದಕ್ಕೂ ಟಿಕೆಟ್ ಇಲ್ಲ. ಬೆಳಿಗ್ಗೆ ಒಂಬತ್ತರ ದೋಣಿಗೆ ಹೋಗುವವರಿಗೆ ಇದರಲ್ಲಿ ಬಹುಪಾಲು ಕಾಣುವುದೇ ಇಲ್ಲ.

ಮಧ್ಯಾಹ್ನ ಒಂದು ಕೆಲಸ ನಡೆಯಿತು. ನಾನು ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ. ಅಮ್ಮ ಒಂದು ದೊಡ್ಡ ಪಾತ್ರೆ ತಂದು ಅಂಟಕ್ಕಿ ತೊಳೆಯತೊಡಗಿದರು. ಅಂಟಕ್ಕಿಯನ್ನು ಹಾಗೇ ಬೇಯಿಸಲು ಆಗುವುದಿಲ್ಲ. ಗಂಟೆಗಟ್ಟಲೆ ನೆನೆಸಿ, ಬಿದಿರಿನ ಕುಕ್ಕೆಯಲ್ಲಿ ಹಾಕಿ ಹಬೆಯಲ್ಲಿ ಬೇಯಿಸಬೇಕು. ಅಂದರೆ ರಾತ್ರಿಯ ಅನ್ನಕ್ಕೆ ಮಧ್ಯಾಹ್ನವೇ ಅಕ್ಕಿ ನೆನೆಯಬೇಕು. ಆದರೆ ದೋಣಿ ಬರುವುದು ಸಂಜೆ. ಒಂದು ಬರುತ್ತದೋ, ಮೂರು ಬರುತ್ತವೋ, ಅದರಲ್ಲಿ ಎಷ್ಟು ಜನ ಈ ಮನೆಗೆ ಬರುತ್ತಾರೋ, ಮಧ್ಯಾಹ್ನಕ್ಕೆ ಯಾರಿಗೆ ಗೊತ್ತು? ನಾನು ಮಗಳ ಮೂಲಕ ಕೇಳಿದೆ. ಅಮ್ಮ ನದಿಯನ್ನು ನೋಡಿದರು, ಆಕಾಶ ನೋಡಿದರು, ನಕ್ಕು ಇನ್ನೂ ಎರಡು ಬೊಗಸೆ ಅಕ್ಕಿ ಹಾಕಿದರು. ಉಳಿದರೆ? ಮಗಳು ಮೂಲೆಯ ಬಿದಿರು ಮೊರ ತೋರಿಸಿದಳು. ಉಳಿದ ಅನ್ನವನ್ನು ಬಿಲ್ಲೆಯ ಹಾಗೆ ತಟ್ಟಿ ಬಿಸಿಲಿಗೆ ಒಣಗಿಸಿದ್ದರು. ಎಣ್ಣೆಯಲ್ಲಿ ಕರಿದರೆ ಅರಳುತ್ತದಂತೆ. ಮೊರದ ತುಂಬಾ ಅದೇ. ಹಿಂದಿನ ದಿನಗಳ ಬಾರದ ಅತಿಥಿಗಳ ಲೆಕ್ಕವೆಲ್ಲ ಅಲ್ಲಿ ಒಣಗುತ್ತಾ ಇತ್ತು.

ಹೊಳೆಬಾಗಿಲಿನ ದೊಡ್ಡಮ್ಮ

ಆ ಎರಡು ಬೊಗಸೆ ಅಕ್ಕಿ ನೋಡಿದಾಗ ನನಗೆ ದೊಡ್ಡಮ್ಮ ನೆನಪಾದಳು. ಸಾಗರದಿಂದ ಸಿಗಂದೂರಿಗೆ ಹೋದವರಿಗೆಲ್ಲ ಹೊಳೆಬಾಗಿಲು ಗೊತ್ತು. ಲಿಂಗನಮಕ್ಕಿ ಅಣೆಕಟ್ಟು ಆಗಿ, 1964ರಲ್ಲಿ ಶರಾವತಿ ಹಿನ್ನೀರು ನಿಂತ ಮೇಲೆ ಆಚೆ ದಡದ ತುಮರಿ, ಕಳಸವಳ್ಳಿ ಕಡೆಯವರಿಗೆ ಸಾಗರ ಸೇರಲು ಲಾಂಚೇ ಗತಿಯಾಯಿತು. ದೊಡ್ಡಮ್ಮನ ಮನೆ ಲಾಂಚಿನ ದಾರಿಯಲ್ಲಿ, ಈಚೆ ದಡದಲ್ಲಿ. ಅವಳು ಮದುವೆಯಾಗಿ ಬಂದ ಮನೆ ಮುಳುಗಡೆಯವರದು. ಅವರ ಹಳೇ ಮನೆ, ತೋಟ ಎಲ್ಲ ನೀರಿನಡಿ. ನಮ್ಮ ಕಡೆ ಮುಳುಗಡೆ ಅಂದರೆ ಒಂದು ಘಟನೆ ಮಾತ್ರ ಅಲ್ಲ, ಒಂದು ಕುಲದ ಹೆಸರಿನ ಹಾಗೆ. 'ಅವರು ಮುಳುಗಡೆಯವರು' ಅಂದರೆ ಎಲ್ಲ ಹೇಳಿದಂತೆ.

ಸಂಜೆ ಕತ್ತಲಾಗುವ ಹೊತ್ತಿಗೆ ಕಡೇ ಲಾಂಚು. ಸಾಗರದ ಬಸ್ಸು ತಡವಾದರೆ ಆ ಲಾಂಚು ತಪ್ಪಿತು. ತಪ್ಪಿದವರು ಎಲ್ಲಿಗೆ ಹೋಗಬೇಕು? ದೊಡ್ಡಮ್ಮನ ಮನೆಗೆ, ಅಥವಾ ಅಂಥದ್ದೇ ಇನ್ನೊಂದು ಮನೆಗೆ. ಅದೇನು ಲಾಡ್ಜ್ ಅಲ್ಲ. ದುಡ್ಡಿನ ಮಾತೇ ಇಲ್ಲ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಅಲ್ಲಿರುತ್ತಿದ್ದೆವು. ರಾತ್ರಿ ಊಟ ತಡ ಯಾಕೆ ಅಂತ ನನಗೆ ಯಾವಾಗಲೂ ಸಿಟ್ಟು. ದೊಡ್ಡಮ್ಮ ಅಕ್ಕಿ ಅಳೆದು ಮೊರದಲ್ಲಿಟ್ಟುಕೊಂಡು ಕೂತಿರುತ್ತಿದ್ದಳು, ತೊಳೆಯುತ್ತಿರಲಿಲ್ಲ. ಕಡೇ ಲಾಂಚಿನ ಸದ್ದು ದೂರವಾಗಿ, ಆಮೇಲೆ ಬಸ್ಸಿನ ಸದ್ದು ಬಂತು ಅಂದರೆ ಎದ್ದು ಹೋಗಿ ಇನ್ನೊಂದು ಪಾವು ಅಕ್ಕಿ ಸೇರಿಸುತ್ತಿದ್ದಳು. ಜನ ಅಂಗಳಕ್ಕೆ ಬರುವ ಮೊದಲೇ.

ಒಂದು ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ನನಗೆ ಹತ್ತು ವರ್ಷ ಇರಬೇಕು. ಒಬ್ಬರು ಬಂದರು. ಕೈಯಲ್ಲಿ ಔಷಧಿಯ ಪೊಟ್ಟಣ, ಆಚೆ ದಡದಲ್ಲಿ ಅವರ ತಾಯಿಗೆ ಹುಷಾರಿಲ್ಲ. ಲಾಂಚು ಹೋಗಿ ಐದು ನಿಮಿಷವಾಗಿತ್ತು. ಅವರಿಗೆ ನಿಲ್ಲಲಾಗದು, ಕೂರಲಾಗದು. "ಉಂಡ್ಕಂಡು ಮಲಗಿ, ಬೆಳಿಗ್ಗೆ ಮೊದಲ್ನೇ ಲಾಂಚಿಗೆ ಹೋದ್ರಾತು" ಅಂದಳು ದೊಡ್ಡಮ್ಮ. ಅನ್ನ, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಅವರು ಎರಡು ತುತ್ತು ತಿಂದು ಎದ್ದರು. ರಾತ್ರಿ ನಾನು ನೀರು ಕುಡಿಯಲು ಎದ್ದಾಗ ನೋಡಿದರೆ ಜಗುಲಿಯಲ್ಲಿ ಅವರು ಕೂತೇ ಇದ್ದರು, ಆಚೆ ದಡದ ಕಡೆ ಮುಖ ಮಾಡಿ. ಹತ್ತಿರದಲ್ಲೇ ದೊಡ್ಡಮ್ಮನೂ ಗೋಡೆಗೆ ಒರಗಿ ಕೂತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಆಚೆ ದಡದಲ್ಲಿ ಎಲ್ಲೋ ಒಂದು ದೀಪ ಕಾಣುತ್ತಿತ್ತು. ಅದು ಅವರ ಮನೆಯದಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಈಗ ಅಲ್ಲಿ ಸೇತುವೆ ಇದೆ. 2025ರ ಜುಲೈ 14ಕ್ಕೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದ. ಆಚೆ ದಡದ ಜನ ಆರು ದಶಕ ಕಾದು, ಹೋರಾಡಿ ಪಡೆದ ಸೇತುವೆ ಅದು. ಲಾಂಚಿನ ಕಾಲ ಎಷ್ಟು ಚೆಂದ ಇತ್ತು ಅಂತ ಈಗ ಯಾರಾದರೂ ಬರೆದರೆ ನನಗೆ ಆ ಔಷಧಿ ಪೊಟ್ಟಣ ನೆನಪಾಗುತ್ತದೆ. ಸೇತುವೆ ಬರಲೇಬೇಕಿತ್ತು. ಇನ್ನೂ ಬಹಳ ಮೊದಲೇ ಬರಬೇಕಿತ್ತು. ಆದರೆ ದೊಡ್ಡಮ್ಮನ ಜಗುಲಿಯಲ್ಲಿ ನಡೆದದ್ದನ್ನು ಒಂದು ತೊಂದರೆ ಅಂತ ಮಾತ್ರ ಲೆಕ್ಕ ಹಾಕಿ ಮರೆಯುವುದೂ ನನ್ನಿಂದಾಗದು. ಎರಡೂ ನಿಜ. ಎರಡನ್ನೂ ಒಟ್ಟಿಗೇ ಹಿಡಿದುಕೊಂಡಿರುವುದು ಕಷ್ಟ.

ನಿಲ್ಲುವ ನೀರು

ಪಾಕ್‌ಬೆಂಗ್‌ನಲ್ಲೂ ದಾರಿಗಳು ಬದಲಾಗುತ್ತಿವೆ. ಊರಿನ ಹತ್ತಿರ ಮೆಕಾಂಗ್‌ಗೆ ರಸ್ತೆ ಸೇತುವೆ ಬಂದಿದೆ. ಚೀನಾ ಗಡಿಯ ಬೋಟೆನ್‌ನಿಂದ ಲುವಾಂಗ್ ಪ್ರಬಾಂಗ್ ಮೂಲಕ ವಿಯೆಂಟಿಯಾನ್‌ಗೆ 2021ರ ಡಿಸೆಂಬರ್‌ನಿಂದ ರೈಲು ಓಡುತ್ತಿದೆ. ಊರಿನವರಿಗೆ ಈಗ ದೋಣಿ ಒಂದೇ ದಾರಿಯಲ್ಲ. ದೋಣಿಯಲ್ಲಿ ಲಾವೋ ಜನ ಕಡಿಮೆ, ನಮ್ಮಂಥವರೇ ಜಾಸ್ತಿ. ನಿಧಾನ ಅವರಿಗೆ ಬೇಕಿರಲಿಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೇ. ನಮಗೆ ಆ ನಿಧಾನವೇ ಬೇಕು. ಅದಕ್ಕೆ ದುಡ್ಡು ಕೊಟ್ಟು ಬರುತ್ತೇವೆ.

ಅದಕ್ಕಿಂತ ದೊಡ್ಡದು ಅಣೆಕಟ್ಟು. ಊರಿನ ಮೇಲ್ಭಾಗದಲ್ಲಿ 912 ಮೆಗಾವ್ಯಾಟ್‌ನ ಪಾಕ್‌ಬೆಂಗ್ ಅಣೆಕಟ್ಟು ಯೋಜನೆ ಇದೆ. ಕರೆಂಟಿನ ಬಹುಪಾಲು ಥಾಯ್ಲೆಂಡ್‌ಗೆ, ಖರೀದಿ ಒಪ್ಪಂದ 2023ರಲ್ಲೇ ಆಗಿದೆ. ನಮ್ಮ ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟ್. ಈ ಅಂಕಿಯನ್ನು ನಾನು ಗೆಸ್ಟ್‌ಹೌಸಿನ ಅಮ್ಮನ ಮಗಳಿಗೆ ಹೇಳಿದೆ. ಫೋನಿನಲ್ಲಿ ಹಿನ್ನೀರಿನ ಫೋಟೊ ತೋರಿಸಿದೆ, ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ನಿಲ್ಲುವ ಬೋಳು ಮರಗಳನ್ನೂ ತೋರಿಸಿದೆ. ಅವಳು ತಾಯಿಯನ್ನು ಕರೆದಳು. ಇಬ್ಬರೂ ಬಹಳ ಹೊತ್ತು ಆ ಮರಗಳನ್ನು ನೋಡಿದರು. ಅಮ್ಮ ಏನೋ ಕೇಳಿದರು. "ಮರಗಳನ್ನು ಕಡಿದುಕೊಳ್ಳಲು ಟೈಮ್ ಕೊಡಲಿಲ್ವಾ ಅಂತ ಕೇಳ್ತಿದಾರೆ" ಅಂದಳು ಮಗಳು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಅವರು "ಬೋ ಪೆನ್ ಞಾಂಗ್" ಅಂದು ಎದ್ದರು. ಪರವಾಗಿಲ್ಲ ಅಂತ ಅದರ ಅರ್ಥ. ಪರವಾಗಿಲ್ಲ ಅಂದವರ ಮುಖ ಹಾಗಿರಲಿಲ್ಲ.

ಮೂರನೇ ದಿನ ನಾವು ಹೊರಟೆವು. ಲುವಾಂಗ್ ಪ್ರಬಾಂಗ್ ಇನ್ನೂ 25 ಕಿಲೋಮೀಟರ್‌ನಷ್ಟು ಇರುವಾಗ ಬೆಟ್ಟದ ಎರಡೂ ಬದಿ ಕೆಂಪಗೆ ಕೊರೆದಿದ್ದು ಕಂಡಿತು. ಕ್ರೇನುಗಳು, ಕಾಂಕ್ರೀಟಿನ ಗೋಡೆ. 1460 ಮೆಗಾವ್ಯಾಟ್‌ನ ಇನ್ನೊಂದು ಅಣೆಕಟ್ಟು, ಇದರ ಕೆಲಸ ಆಗಲೇ ನಡೆದಿತ್ತು. ಅದರ ಹಿನ್ನೀರು ಪಾಕ್‌ಬೆಂಗ್ ಕಡೆಗೇ ಚಾಚಿಕೊಳ್ಳುತ್ತದೆ. ದೋಣಿಗಳಿಗೆ ಲಾಕ್ ಅನ್ನುವ ಗೇಟಿನ ತೊಟ್ಟಿ ಇರುತ್ತದೆ, ಅದರಲ್ಲಿ ಹತ್ತಿಸಿ ಇಳಿಸುತ್ತಾರೆ. ಆದರೆ ಬಂಡೆಗಳು ಮುಳುಗುತ್ತವೆ. ಮರಳು ದಂಡೆಯ ಶೇಂಗಾ ತೋಟಗಳೂ. ದೋಣಿಯಲ್ಲಿ ಎಲ್ಲರೂ ಎದ್ದು ಫೋಟೊ ತೆಗೆದರು. ದೋಣಿ ನಡೆಸುವವರು ಮಾತ್ರ ಆ ಕಡೆ ತಿರುಗಲಿಲ್ಲ.

ಕಳೆದ ದೀಪಾವಳಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವಳಿಗೆ ಈಗ ಎಂಬತ್ತು ದಾಟಿದೆ. ಸೇತುವೆಯ ಮೇಲೆ ಕಾರುಗಳು ನಿಲ್ಲದೆ ಹೋಗುತ್ತವೆ. ಜಗುಲಿಯಲ್ಲಿ ಕೂತು ಪಾಕ್‌ಬೆಂಗ್ ಕತೆಯೆಲ್ಲ ಹೇಳಿದೆ. ನದಿ, ಕತ್ತಲು, ಒಂದು ರಾತ್ರಿಗೆ ಬರುವ ಜನ. ಅಲ್ಲಿ ನೋಡೋಕೆ ಏನಿದೆ ಅಂತ ಅವಳು ಕೇಳಲಿಲ್ಲ.

"ಒಂದು ರಾತ್ರಿಗೆ ಎಷ್ಟು ಜನ ಬರ್ತಾರೆ?" ಅಂದಳು.

"ಊರಿಗೆಲ್ಲ ಸೇರಿ ನೂರು, ಇನ್ನೂರು. ಆ ಮನೆಗೆ ಒಂದು ಇಪ್ಪತ್ತು."

"ಅಕ್ಕಿ ಯಾವಾಗ ತೊಳಿತಾಳೆ?"

ಮಧ್ಯಾಹ್ನವೇ ನೆನೆಸಬೇಕು, ಅದು ಬೇರೆ ಅಕ್ಕಿ ಅಂದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಲೆಕ್ಕ ಹಾಕುತ್ತಿದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಹಂಗಾದ್ರೆ ದಿನಾ ಉಳಿತದೆ ಅವಳಿಗೆ. ಉಳಿದಿದ್ದು ಎಂತ ಮಾಡ್ತಾಳೆ?"

"ತಟ್ಟಿ ಒಣಗಿಸ್ತಾರೆ. ಆಮೇಲೆ ಕರೀತಾರೆ."

"ಸಂಡಿಗೆ" ಅಂದಳು ದೊಡ್ಡಮ್ಮ. ಮೇಲೆ ಎದ್ದು, ಡಬ್ಬಿ ತರಲು ಒಳಗೆ ಹೋದಳು.